ಹೋದವರು ಬರುವ ದಾರಿ



ಸಂಜೆ ಹೊತ್ತು ಕುಂದಾಪುರದ ಕೋಡಿಯ ಸೀವಾಕಿನ ತುದಿಗೆ ಹೋಗಿ ನಿಂತರೆ ಎದುರಿನ ಗಂಗೊಳ್ಳಿ ಕೂಗಿದರೆ ಓಗೊಡುವಷ್ಟು ಹತ್ತಿರ ಕಾಣುತ್ತದೆ. ನಡುವೆ ಇರುವುದು ಅಳಿವೆ ಮಾತ್ರ. ಘಟ್ಟದಿಂದ ಇಳಿದು ಬಂದ ಐದು ಹೊಳೆಗಳು ಪಂಚಗಂಗಾವಳಿಯೆಂಬ ಒಂದೇ ಹೆಸರು ಹೊತ್ತು ಕಡಲು ಸೇರುವ ಬಾಯಿ ಅದು. ದೋಣಿ ಸಿಕ್ಕರೆ ಕೆಲವೇ ನಿಮಿಷದ ದಾರಿ. ಸಿಗದಿದ್ದರೆ ಕುಂದಾಪುರ ಪೇಟೆ, ಹೆಮ್ಮಾಡಿ, ತ್ರಾಸಿ ಎಂದು ಬಸ್ಸಿನಲ್ಲಿ ಸುತ್ತು ಹೊಡೆಯಬೇಕು. ಇದೇ ಕರಾವಳಿಯಲ್ಲಿ ಸ್ವಲ್ಪ ತೆಂಕಕ್ಕೆ, ಕೋಟ ಮತ್ತು ಹಂಗಾರಕಟ್ಟೆಯ ಮಗ್ಗುಲಲ್ಲಿ, ಇನ್ನೊಂದು ಕೋಡಿಯಿದೆ. ಅದೂ ಹಾಗೆಯೇ, ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಮರಳಿನ ಮೇಲೆ ತೆಂಗಿನ ತೋಟ.

ಕೋಡಿಯೆಂದರೆ ತುದಿ. ಮುಂದೆ ನೆಲವಿಲ್ಲ. ಇಂಥಲ್ಲಿ ಬದುಕುವವರ ಲೆಕ್ಕ ಬಹಳ ಸರಳ. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ಗದ್ದೆ ಒಬ್ಬನಿಗೆ ಸಾಲುವಷ್ಟು. ಉಳಿದ ಮೂವರು ಹೊರಡಬೇಕು.

ಇದೇ ಲೆಕ್ಕ ಹಾಕುತ್ತ ಬಂದ ದೇಶವೊಂದು ಭೂಮಿಯ ಆಚೆ ಬದಿಯಲ್ಲಿದೆ. ಅದರ ಹೆಸರು ಎಲ್ ಸಾಲ್ವಡಾರ್. ಮಧ್ಯ ಅಮೆರಿಕದ ಏಳು ದೇಶಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಕರ್ನಾಟಕವನ್ನು ಒಂಬತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು, 21,041 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 60 ಲಕ್ಷ. ಇಲ್ಲಿ ಬೆನ್ನಿಗೆ ಘಟ್ಟವಿದ್ದರೆ ಅಲ್ಲಿ ಜ್ವಾಲಾಮುಖಿಗಳ ಸಾಲು. ಮುಂದೆ ಪೆಸಿಫಿಕ್ ಸಾಗರ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪುಟ್ಟ ದೇಶದ ಮೂಲದವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರು 2023ರಲ್ಲಿ ಮನೆಗೆ ಕಳಿಸಿದ ಹಣ 800 ಕೋಟಿ ಡಾಲರಿಗೂ ಹೆಚ್ಚು. ದೇಶದ ಒಟ್ಟು ಉತ್ಪನ್ನದ ಜೊತೆ ಇಟ್ಟು ನೋಡಿದರೆ ಅದು ಐದರಲ್ಲಿ ಒಂದು ಪಾಲನ್ನೂ ಮೀರುತ್ತದೆ.

ಎರಡೂ ಕಡೆ ಮೊದಲು ಹೊರಗೆ ಹೋದದ್ದು ಜನರಲ್ಲ, ಸರಕು.

ಕುಂದಾಪುರದ ಪಕ್ಕದ ಬಸ್ರೂರು ಇವತ್ತು ವಾರಾಹಿ ದಂಡೆಯ ಒಂದು ಶಾಂತ ಊರು. ವಿಜಯನಗರದ ಕಾಲದಲ್ಲಿ ಅದು ದೊಡ್ಡ ಬಂದರು. ಪೋರ್ಚುಗೀಸರ ದಾಖಲೆಗಳಲ್ಲಿ ಬಾರ್ಸೆಲೋರ್ ಎಂದು ಬರುವ ಪಟ್ಟಣ ಇದೇ. ಇಲ್ಲಿನ ಅಕ್ಕಿ ಗೋವೆಗೂ ಅರಬ್ಬೀ ನಾಡಿಗೂ ಹಡಗು ಏರುತ್ತಿತ್ತು. ಊರಿನಲ್ಲಿ ಎಷ್ಟು ಸಂಪತ್ತಿತ್ತೆಂದರೆ 1665ರಲ್ಲಿ ಶಿವಾಜಿ ಸ್ವತಃ ಹಡಗು ಕಟ್ಟಿಕೊಂಡು ಬಂದು ಬಸ್ರೂರನ್ನು ಸೂರೆ ಮಾಡಿದ. ಮುಂದೆ ಬಂದದ್ದು ಹಂಚಿನ ಕಾಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಹೊಳೆದಂಡೆಗಳಲ್ಲೆಲ್ಲ ಚಿಮಣಿಗಳು ಎದ್ದವು. ಕುಂದಾಪುರವೂ ಹಂಚಿಗೆ ಹೆಸರಾಯಿತು.

ಎಲ್ ಸಾಲ್ವಡಾರಿನಲ್ಲಿ ಅಕ್ಕಿಯ ಬದಲು ನೀಲಿ. ಬಟ್ಟೆಗೆ ಬಣ್ಣ ಕೊಡುವ ನೀಲಿಗಿಡವೇ ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಅದರ ಭಾಗ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಖಾನೆಯ ಬಣ್ಣ ಬಂದು ನೀಲಿಯ ಬೆಲೆ ಬಿತ್ತು. ಅಷ್ಟರಲ್ಲಿ ಜ್ವಾಲಾಮುಖಿಯ ಇಳಿಜಾರುಗಳಲ್ಲಿ ಕಾಫಿ ಎದ್ದಿತ್ತು. ಕಾಫಿಗೆ ಜಾಗ ಬೇಕಾದಾಗ 1881 ಮತ್ತು 1882ರ ಕಾನೂನುಗಳು ಊರೊಟ್ಟಿನ ಭೂಮಿಯನ್ನೇ ರದ್ದು ಮಾಡಿದವು. ಮೂಲನಿವಾಸಿ ಪಿಪಿಲ್ ಜನ ಪೀಳಿಗೆಗಳಿಂದ ಉತ್ತ ನೆಲ ಕೆಲವೇ ಮನೆತನಗಳ ಪಾಲಾಯಿತು. ಆ ಧನಿಗಳನ್ನು ಅಲ್ಲಿನವರು ‘ಹದಿನಾಲ್ಕು ಮನೆತನ’ ಎಂದು ಕರೆದರು. 1930ರ ಸುಮಾರಿಗೆ ದೇಶದ ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಾಫಿಯೊಂದರದೇ ಇತ್ತು.

ಅಕ್ಕಿ, ಹಂಚು, ಆಮೇಲೆ ಜನ. ನೀಲಿ, ಕಾಫಿ, ಆಮೇಲೆ ಜನ. ಇಲ್ಲಿಯವರೆಗೆ ಎರಡು ಕಥೆಗಳೂ ಜೊತೆಜೊತೆಯಾಗಿ ನಡೆಯುತ್ತವೆ.

ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಜನ ಹೊರಟ ಬಗೆಯನ್ನು ತಿಳಿಯಲು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಗಿಂತ ಒಳ್ಳೆಯ ದಾಖಲೆ ಇಲ್ಲ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಆ ಕಾದಂಬರಿಯ ಬೇರು ಊರಿದ್ದು ಹಂಗಾರಕಟ್ಟೆಯ ಮಗ್ಗುಲಿನ ಆ ಕೋಡಿಯಲ್ಲಿ. ಮೂರು ತಲೆಮಾರಿನ ಕಥೆ. ರಾಮ ಐತಾಳರ ಮನೆಯಲ್ಲಿ ಪೌರೋಹಿತ್ಯದ ಸಂಪಾದನೆ, ಹೊಳೆಬದಿಯ ಗದ್ದೆ. ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಹಾಕುತ್ತಾರೆ. ಹೋಟೆಲಿನ ದುಡ್ಡು ಊರಿಗೆ ಬಂದು ಬಡ್ಡಿಗೆ ಹೋಗುತ್ತದೆ, ನೆಲವಾಗುತ್ತದೆ, ಮನೆಯಾಗುತ್ತದೆ, ಕೊನೆಗೆ ನೆರೆಮನೆಯವರ ಹೊಟ್ಟೆಕಿಚ್ಚೂ ಆಗುತ್ತದೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಮನೆಯನ್ನು ಎತ್ತಿ ಹಿಡಿಯುವವರು ಮಾತ್ರ ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು.

ಕಾದಂಬರಿಯ ಹೊರಗೆ ಇದೇ ಕಥೆಗೆ ನಿಜವಾದ ಹೆಸರುಗಳಿವೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಎಂ.ಟಿ.ಆರ್. ಆಯಿತು. ಸಾಲಿಗ್ರಾಮದ ಉರಾಳರು 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಕುಂದಾಪುರ ತಾಲೂಕಿನ ಶಂಕರನಾರಾಯಣದವರು. ಇಂಥ ಹೆಸರಾದ ಒಂದೊಂದು ಹೋಟೆಲಿನ ಹಿಂದೆ ಹೆಸರಾಗದ ನೂರಾರು ಹೋಟೆಲುಗಳು, ಒಂದೊಂದು ಗಲ್ಲಾಪೆಟ್ಟಿಗೆಯ ಹಿಂದೆ ಲೋಟ ತೊಳೆದು ದೊಡ್ಡವರಾದ ಹುಡುಗರು. ಕೋಟದ ಕಡೆ ಹುಡುಗನನ್ನು ಕರೆಯುವ ‘ಮಾಣಿ’ ಎಂಬ ಮಾತು ಬೆಂಗಳೂರಿನ ಕನ್ನಡದಲ್ಲಿ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನ ಹೆಸರೇ ಆಗಿಹೋಯಿತು. ಊರು ಬಿಟ್ಟವರ ಜೊತೆ ಅವರ ಶಬ್ದವೂ ಕೆಲಸಕ್ಕೆ ಸೇರಿತು. ಬೊಂಬಾಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರೂ ಕಡಿಮೆಯಲ್ಲ. ಕಡಲಿನ ಮಕ್ಕಳಾದ ಮೊಗವೀರರು 1902ರಷ್ಟು ಹಿಂದೆಯೇ ಆ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು.

ಸಾಲ್ವಡಾರಿನವರದ್ದೂ ಹೊಟ್ಟೆಯ ದಾರಿಯೇ. ಅವರ ಮನೆತಿಂಡಿ ಪುಪೂಸ. ಮೆಕ್ಕೆಜೋಳದ ಹಿಟ್ಟನ್ನು ಕೈಯಲ್ಲೇ ತಟ್ಟಿ, ಒಳಗೆ ಗಿಣ್ಣು, ಹುರುಳಿಯಂಥ ಕಾಳು ಅಥವಾ ಹಂದಿಮಾಂಸ ತುಂಬಿ ಕಾವಲಿಯ ಮೇಲೆ ಬೇಯಿಸುವ ದಪ್ಪ ರೊಟ್ಟಿ. ಜೊತೆಗೆ ಹುಳಿ ಬರಿಸಿದ ಎಲೆಕೋಸು. ಲಾಸ್ ಏಂಜಲೀಸ್, ಹ್ಯೂಸ್ಟನ್, ವಾಷಿಂಗ್ಟನ್ ನಗರಗಳ ಬೀದಿಗಳಲ್ಲಿ ‘ಪುಪುಸೆರಿಯ’ ಎಂಬ ಬೋರ್ಡು ಕಂಡರೆ ಅದು ಆ ಊರಿನ ಉಡುಪಿ ಹೋಟೆಲು ಎಂದೇ ತಿಳಿಯಬಹುದು. ದೇಶದ ಶಾಸನಸಭೆ ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಪುಪೂಸದ ದಿನವೆಂದು 2005ರಲ್ಲಿ ಗೊತ್ತುಮಾಡಿತು. ಇನ್ನೊಂದು ಸಾಮ್ಯ ಸ್ವಾರಸ್ಯವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತು ಅಭಾವ ಬಂದಾಗ ಎಂ.ಟಿ.ಆರ್.ನ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು. ಅಕ್ಕಿಹಿಟ್ಟಿನ ಪುಪೂಸಕ್ಕೆ ಪ್ರಸಿದ್ಧವಾದ ಒಲೊಕುಯಿಲ್ಟ ಊರಿನವರು ಹೇಳುವುದು ಇದರ ಉಲ್ಟಾ: ಅಲ್ಲಿ ಜೋಳಕ್ಕೆ ಬರ ಬಂದಾಗ ಅಕ್ಕಿಯನ್ನು ಹಿಟ್ಟು ಮಾಡಿದರಂತೆ.

ಇಲ್ಲಿಂದ ಮುಂದೆ ಕಥೆಗಳು ಕವಲೊಡೆಯುತ್ತವೆ. ಕವಲು ಒಡೆಯುವ ಜಾಗ ಗದ್ದೆ.

1929ರ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ಪಾತಾಳಕ್ಕಿಳಿದಾಗ ಎಲ್ ಸಾಲ್ವಡಾರಿನ ಧನಿಗಳು ಕೂಲಿ ಕಡಿದರು, ಕೊಯ್ಲನ್ನೇ ನಿಲ್ಲಿಸಿದರು. 1932ರ ಜನವರಿಯಲ್ಲಿ ಪಶ್ಚಿಮದ ಕಾಫಿ ಜಿಲ್ಲೆಗಳಲ್ಲಿ ರೈತರು ದಂಗೆಯೆದ್ದರು. ಜನರಲ್ ಮಾರ್ಟಿನೆಸನ ಸರಕಾರ ಕೆಲವೇ ವಾರಗಳಲ್ಲಿ ಸಾವಿರಾರು ಜನರನ್ನು ಕೊಂದಿತು. ಸತ್ತವರು ಹತ್ತು ಸಾವಿರವೆಂದು ಕೆಲವರೂ ಮೂವತ್ತು ಸಾವಿರವೆಂದು ಕೆಲವರೂ ಬರೆದಿದ್ದಾರೆ. ಸ್ಪ್ಯಾನಿಷ್ ಬಾರದವನು, ಮೂಲನಿವಾಸಿಯ ಉಡುಗೆ ಉಟ್ಟವನು ಎಂಬುದೇ ಸಾವಿಗೆ ಸಾಕಾದ ಕಾರಣವಾಯಿತು. ನೆಲದ ಪ್ರಶ್ನೆ ಹಾಗೆಯೇ ಉಳಿಯಿತು. 1980ರ ಮಾರ್ಚ್ 24ರಂದು ಬಡವರ ಪರ ಮಾತಾಡುತ್ತಿದ್ದ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಆ ವರ್ಷ ಹೊತ್ತಿದ ಅಂತರ್ಯುದ್ಧ 1992ರ ಜನವರಿ 16ರ ಒಪ್ಪಂದದವರೆಗೆ ಉರಿದು ಸುಮಾರು 75,000 ಜೀವಗಳನ್ನು ತಿಂದಿತು. ಲಕ್ಷಾಂತರ ಜನ ಉತ್ತರಕ್ಕೆ ಓಡಿದ್ದು ಆಗ. ಅವರು ಕೆಲಸ ಹುಡುಕಿ ಹೊರಟವರಿಗಿಂತ ಜೀವ ಉಳಿಸಿಕೊಳ್ಳಲು ಹೊರಟವರು.

ಕುಂದಾಪುರ ಸೀಮೆಯಲ್ಲೂ ನೆಲ ಕೆಲವರ ಕೈಯಲ್ಲಿತ್ತು. ಅವಿಭಜಿತ ದಕ್ಷಿಣ ಕನ್ನಡ ಗೇಣಿಯ ಜಿಲ್ಲೆ. ಮಠ, ದೇವಸ್ಥಾನ, ದೊಡ್ಡ ಮನೆಗಳ ಗದ್ದೆಯನ್ನು ಚಾಲಗೇಣಿಗೆ ಮಾಡಿ, ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಧನಿಗಳ ಅಂಗಳಕ್ಕೆ ಹೊತ್ತು ಹಾಕುವುದೇ ಬಹುಪಾಲು ಒಕ್ಕಲುಗಳ ಬಾಳು. ದೇವರಾಜ ಅರಸು ಸರಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ನಿಂತರು, ಉತ್ತವರ ಹೆಸರಿಗೆ ಪಹಣಿಯಾಯಿತು. ಎಲ್ಲರಿಗೂ ಸಿಗಲಿಲ್ಲ. ಗೇಣಿಚೀಟಿಯೂ ಇಲ್ಲದೆ ಬರಿ ಕೂಲಿಗೆ ದುಡಿದವರಿಗೆ, ಕಾಡಿನ ಅಂಚಿನಲ್ಲಿ ಬುಟ್ಟಿ ಹೆಣೆದು ಬದುಕಿದ ಕೊರಗರಿಗೆ, ಆ ಕಾಗದದಲ್ಲಿ ಕಾಲಂ ಇರಲಿಲ್ಲ. ಸಾಗುವಳಿಯನ್ನೇ ನಂಬಿದ್ದ ಎಷ್ಟೋ ಸಣ್ಣ ಒಡೆಯರ ಮನೆಗಳೂ ಬರಿದಾದವು. ಆ ಮನೆಗಳ ಹುಡುಗರೂ ಬೆಂಗಳೂರಿನ ಬಸ್ಸು ಹತ್ತಿದರು. ಆದರೂ ಒಂದು ಮಾತು ನಿಜ. ಅರ್ಧ ಎಕರೆಯೋ ಒಂದು ಎಕರೆಯೋ, ಸಂಸಾರಕ್ಕೆ ಸಾಲದ ಗದ್ದೆಯಾದರೂ, ಹೋದವನಿಗೆ ಬಂದು ನಿಲ್ಲಲು ತನ್ನದೆನ್ನುವ ಅಂಗಳ ಸಿಕ್ಕಿತು. ಅದು ಸಿಕ್ಕಿದ್ದು ಕಚೇರಿಯ ಮೆಟ್ಟಿಲಿನಲ್ಲಿ, ಬಂದೂಕಿನ ಬಾಯಲ್ಲಲ್ಲ.

ಹೋದವರು ಕಳಿಸಿದ ದುಡ್ಡು ಏನು ಮಾಡಿತು?

ಕುಂದಾಪುರದ ಭಂಡಾರ್ಕರ್ಸ್ ಕಾಲೇಜು 1963ರಲ್ಲಿ ತೆರೆದದ್ದು ಬಹ್ರೈನಿನಲ್ಲಿ ವೈದ್ಯರಾಗಿದ್ದ ಡಾ. ಎ. ಎಸ್. ಭಂಡಾರ್ಕರರ ಕೊಡುಗೆಯಿಂದ. ಊರೂರಿನ ದೇವಸ್ಥಾನದ ಜೀರ್ಣೋದ್ಧಾರದ ಕಲ್ಲುಫಲಕ ಓದಿದರೆ ದಾನಿಗಳ ಹೆಸರಿನ ಮುಂದೆ ಮುಂಬೈ, ಬೆಂಗಳೂರು, ದುಬೈ ಎಂದು ಸಾಲುಸಾಲಾಗಿ ಕಾಣುತ್ತದೆ. ಯಕ್ಷಗಾನದ ಬಡಗುತಿಟ್ಟು ಉಸಿರಾಡುತ್ತಿರುವುದರಲ್ಲೂ ಈ ದುಡ್ಡಿನ ಪಾಲಿದೆ. ಮಂದಾರ್ತಿ ಮೇಳದಿಂದ ಹರಕೆಯ ಆಟ ಆಡಿಸಬೇಕೆಂದರೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕು. ಬರೆಸಿದವರಲ್ಲಿ ಪರವೂರಿನಲ್ಲಿ ಅಂಗಡಿ, ಹೋಟೆಲು ಕಂಡವರು ಬಹಳ. ದೀಪಾವಳಿ ಕಳೆದು ಹೊರಟ ಮೇಳ ಮಳೆಗಾಲದ ಮುನ್ನ ಗೆಜ್ಜೆ ಬಿಚ್ಚುತ್ತದೆ. ಆಗ ಕಲಾವಿದರು ಅದೇ ಹೋದವರ ದಾರಿ ಹಿಡಿದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲೋ ಮುಂಬೈಯ ಸಭಾಗೃಹದಲ್ಲೋ ಮಳೆಗಾಲದ ಆಟಕ್ಕೆ ವೇಷ ಕಟ್ಟುತ್ತಾರೆ.

ಎಲ್ ಸಾಲ್ವಡಾರಿನ ಪೂರ್ವದ ತುದಿಯಲ್ಲಿ ಇಂಟಿಪುಕ ಎಂಬ ಊರಿದೆ. 1960ರ ದಶಕದಲ್ಲಿ ಅಲ್ಲಿಂದ ಒಬ್ಬ ವಾಷಿಂಗ್ಟನ್‌ಗೆ ಹೋದ. ಅವನ ಹಿಂದೆ ಅಣ್ಣತಮ್ಮ, ನೆಂಟರಿಷ್ಟರು, ಕೊನೆಗೆ ಊರೇ ಹೋಯಿತು. ಈಗ ಊರಿನ ನಡುವೆ ವಲಸೆ ಹೊರಟ ಮನುಷ್ಯನದೊಂದು ಪ್ರತಿಮೆ ನಿಂತಿದೆ. ರಾಜಧಾನಿ ಸಾನ್ ಸಾಲ್ವಡಾರಿನಲ್ಲಿ, ವಿಮಾನ ನಿಲ್ದಾಣದಿಂದ ಬರುವವರ ಕಣ್ಣಿಗೆ ಬೀಳುವಂತೆ, 1994ರಲ್ಲಿ ‘ದೂರದ ಸೋದರ’ನಿಗೆಂದೇ ಒಂದು ಸ್ಮಾರಕ ಕಟ್ಟಿದರು. ಅಲ್ಲಿಯೂ ಡಾಲರು ಚರ್ಚಿಗೆ ಬಣ್ಣವಾಗುತ್ತದೆ, ಶಾಲೆಗೆ ಮಾಡಾಗುತ್ತದೆ, ಯಾರೂ ಇಲ್ಲದ ಎರಡು ಮಾಳಿಗೆಯ ಮನೆಯಾಗುತ್ತದೆ. 2001ರ ಜನವರಿ 1ರಿಂದ ದೇಶ ತನ್ನ ಕೊಲೊನ್ ನಾಣ್ಯವನ್ನು ಬದಿಗಿಟ್ಟು ಅಮೆರಿಕದ ಡಾಲರನ್ನೇ ಚಲಾವಣೆಗೆ ತಂದಿತು. 2021ರ ಸೆಪ್ಟೆಂಬರಿನಲ್ಲಿ ಬಿಟ್‌ಕಾಯಿನ್ನಿಗೂ ನಾಣ್ಯದ ಪದವಿ ಕೊಟ್ಟು, ಊರಿಗೆ ದುಡ್ಡು ಕಳಿಸುವ ಖರ್ಚು ಉಳಿಯುತ್ತದೆ ಎಂದರು. ಹೊರಗಿದ್ದವರು ಒಪ್ಪಲಿಲ್ಲ, ಆ ದಾರಿಯಲ್ಲಿ ಬಂದದ್ದು ತೀರ ಸಣ್ಣ ಪಾಲು. ಬೆವರಿನ ದುಡ್ಡನ್ನು ನಂಬಿಕೆಯ ಕೈಗೇ ಕೊಡಬೇಕೆಂಬ ಬುದ್ಧಿ ಕರಾವಳಿಯವರಿಗೆ ಹೊಸದಲ್ಲ. 1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಪಿಗ್ಮಿ ವಸೂಲು ಮಾಡಿ ಬೆಳೆದದ್ದು ಅದೇ ಬುದ್ಧಿಯ ಮೇಲೆ. ಮುಂದೆ ಅದು ಸಿಂಡಿಕೇಟ್ ಬ್ಯಾಂಕಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಜನ ಹೋದ ಜಾಗ ಖಾಲಿ ಉಳಿಯುವುದಿಲ್ಲ. ಇವತ್ತು ಕರಾವಳಿಯ ಬಂದರುಗಳ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಒಡಿಶಾ, ಆಂಧ್ರ, ಜಾರ್ಖಂಡಿನವರು ಎಷ್ಟೋ ಮಂದಿ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಬಿದ್ದಾಗ ಅವರು ತಮ್ಮೂರಿನ ರೈಲು ಹತ್ತುತ್ತಾರೆ. ಗೇರುಬೀಜದ ಕಾರ್ಖಾನೆಗಳಲ್ಲಿ ಕೈ ಕಪ್ಪಾಗಿಸಿಕೊಂಡು ಸಿಪ್ಪೆ ಬಿಡಿಸುವವರು ಊರಿನ ಹೆಂಗಸರೇ. ಬೀಜ ಮಾತ್ರ ಬಹಳಷ್ಟು ಆಫ್ರಿಕದಿಂದ ಬಂದದ್ದು. ಎಲ್ ಸಾಲ್ವಡಾರಿನ ಪೂರ್ವ ಜಿಲ್ಲೆಗಳಲ್ಲೂ ಹೀಗೆಯೇ: ಮಕ್ಕಳು ಅಮೆರಿಕದಲ್ಲಿ ಕಟ್ಟಡ ಕಟ್ಟುತ್ತಿದ್ದರೆ, ಮನೆಯ ಕಬ್ಬು, ಜೋಳ ಕೊಯ್ಯಲು ನೆರೆಯ ಹೊಂಡುರಾಸ್, ನಿಕರಾಗುವಾದ ಕೂಲಿಯವರು ಬರುತ್ತಾರೆ. ಮೊಮ್ಮಕ್ಕಳನ್ನು ಸಾಕುವವರು ಅಜ್ಜಿಯರು.

ಭಾಷೆಯ ವಿಷಯದಲ್ಲಿ ಎರಡು ನಾಡುಗಳ ದೂರ ಇನ್ನೂ ಹೆಚ್ಚು. 1932ರ ಕೊಲೆಗಳ ನಂತರ ಪಿಪಿಲ್ ತಾಯಂದಿರು ಮಕ್ಕಳ ಕಿವಿಗೆ ತಮ್ಮ ನಾವಾಟ್ ನುಡಿ ಬೀಳದಂತೆ ನೋಡಿಕೊಂಡರು. ಈಗ ಅದನ್ನು ತಾಯಿನುಡಿಯಾಗಿ ಆಡುವವರು ಕೆಲವು ನೂರು ಮುದುಕರು ಮಾತ್ರ. ಕುಂದಗನ್ನಡಕ್ಕೂ ನಾಚಿಕೆಯ ಕಾಲವೊಂದಿತ್ತು. ‘ಎಂತ ಮರಾಯ್ರೆ’ ಎಂದು ಬಾಯಿಗೆ ಬಂದದ್ದನ್ನು ಬೆಂಗಳೂರಿನ ಗಿರಾಕಿಯ ಮುಂದೆ ನುಂಗಿಕೊಂಡವರು ಎಷ್ಟೋ. ಆದರೆ ನುಡಿಗೆ ಮನೆಯಲ್ಲಿ ಜಾಗ ಇತ್ತು. 2019ರಿಂದ ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ಅದರ ಗದ್ದಲ ಕುಂದಾಪುರಕ್ಕಿಂತ ಬೆಂಗಳೂರಿನಲ್ಲೇ ಒಂದು ಕೈ ಹೆಚ್ಚು. 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ‘ಕಾಂತಾರ’ವನ್ನು ತಮ್ಮೂರಿನ ಕಾಡಿನಲ್ಲೇ ಚಿತ್ರಿಸಿ ಇಲ್ಲಿಯ ಮಾತನ್ನು ದೇಶಕ್ಕೆಲ್ಲ ಕೇಳಿಸಿದರು.

ಹಾಗಾದರೆ ಮುಖ್ಯ ವ್ಯತ್ಯಾಸ ಯಾವುದು? ಹೋಗುವುದರಲ್ಲಿ ಅಲ್ಲ, ಬರುವುದರಲ್ಲಿ.

ಕೋಟೇಶ್ವರದ ಕೊಡಿ ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಹೊರಟ ಬಸ್ಸುಗಳಲ್ಲಿ ಸೀಟು ಸಿಗುವುದಿಲ್ಲ. ವೃಶ್ಚಿಕದ ಹುಣ್ಣಿಮೆಯಂದು ಕೋಟಿಲಿಂಗೇಶ್ವರನ ತೇರು; ಕೋಟಿತೀರ್ಥದ ಕೆರೆಯ ಸುತ್ತ ಭಕ್ತರು ಅಕ್ಕಿ ಚೆಲ್ಲುತ್ತ ಸುತ್ತಕ್ಕಿ ಸೇವೆ ಮಾಡುತ್ತಾರೆ; ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡು ಮನೆಗೆ ಒಯ್ಯುತ್ತಾರೆ. ಎರಡು ದಿನದ ರಜೆ ಹಾಕಿ ಬಂದವನು ಸೋಮವಾರ ಬೆಳಿಗ್ಗೆ ಮತ್ತೆ ಗಲ್ಲಾದ ಹಿಂದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮುಂಬೈಯೂ ಒಂದು ರಾತ್ರಿಯ ದಾರಿಯಾಯಿತು. ಈ ಓಡಾಟಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸಾಲ್ವಡಾರಿನವನಿಗೆ ಅಪ್ಪಣೆ ಬೇಕು. ಮೆಕ್ಸಿಕೊ ದಾಟಿ, ದಲ್ಲಾಳಿಗೆ ಸಾವಿರಾರು ಡಾಲರು ಸುರಿದು, ಕಾಗದವಿಲ್ಲದೆ ಗಡಿ ನುಸುಳಿದವನು ತಾಯಿ ಸತ್ತರೂ ಬರಲಾರ. ಬಂದರೆ ಮತ್ತೆ ಹೋಗಲಾರ. 2001ರ ಜನವರಿ ಮತ್ತು ಫೆಬ್ರವರಿಯ ಎರಡು ಭೂಕಂಪಗಳ ನಂತರ ಅಮೆರಿಕ ಸುಮಾರು ಎರಡು ಲಕ್ಷ ಸಾಲ್ವಡಾರಿಗರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಆ ‘ತಾತ್ಕಾಲಿಕ’ ಇಪ್ಪತ್ತು ವರ್ಷ ದಾಟಿದರೂ ಅವಧಿ ಮುಗಿಯುತ್ತ, ಮುಂದೆ ಹೋಗುತ್ತ ನಡೆದೇ ಇದೆ. ಇನ್ನು ಬಲವಂತದಿಂದ ಮರಳಿದವರ ಕಥೆ ಬೇರೆ. ಲಾಸ್ ಏಂಜಲೀಸಿನ ಗಲ್ಲಿಗಳಲ್ಲಿ ನಿರಾಶ್ರಿತರ ಮಕ್ಕಳ ನಡುವೆ ಹುಟ್ಟಿದ ಪುಂಡರ ಗುಂಪುಗಳನ್ನು ಅಮೆರಿಕ 1990ರ ದಶಕದಲ್ಲಿ ವಿಮಾನ ಹತ್ತಿಸಿ ಕಳಿಸಿತು. ಮಾರಾ ಎಂದು ಹೆಸರಾದ ಆ ಗುಂಪುಗಳ ಹಾವಳಿಯಲ್ಲಿ 2015ರ ಹೊತ್ತಿಗೆ ದೇಶದ ಕೊಲೆಗಳ ಪ್ರಮಾಣ ಲೋಕದಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಯಿತು. ಅಧ್ಯಕ್ಷ ನಯೀಬ್ ಬುಕೆಲೆ 2022ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ 80,000ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಕೊಲೆ ನಿಂತಿತೆಂದು ಅಂಗಡಿಯವರು ನೆಮ್ಮದಿಯಾದರು. ನಿರಪರಾಧಿ ಮಗ ಒಳಗಿದ್ದಾನೆಂದು ತಾಯಂದಿರು ಜೈಲಿನ ಬಾಗಿಲಲ್ಲಿ ನಿಂತರು.

ದಾರಿ ಮುಚ್ಚಿದರೆ ಹೇಗಿರುತ್ತದೆಂದು ಕುಂದಾಪುರದವರಿಗೂ ಒಮ್ಮೆ ಗೊತ್ತಾಗಿದೆ. 2020ರ ಮೇ ತಿಂಗಳಲ್ಲಿ ಕೊರೊನಾಕ್ಕೆ ಬೆದರಿ ಮುಂಬೈಯಿಂದ ಹೊರಟವರು ಬೈಂದೂರಿನ ಶಿರೂರು ಗಡಿಯಲ್ಲಿ ಪಾಸು ಹಿಡಿದು ಕಾದರು. ಮನೆ ಕೆಲವೇ ಮೈಲಿ ದೂರ. ಉಳಿದುಕೊಂಡದ್ದು ಸರಕಾರಿ ಶಾಲೆಯ ಕ್ವಾರಂಟೈನಿನಲ್ಲಿ. ದೇವಸ್ಥಾನದ ಫಲಕದಲ್ಲಿ ಯಾರ ಹೆಸರಿತ್ತೋ ಅವರನ್ನೇ ಊರು ದೂರದಿಂದ ನೋಡಿತು. ಕೆಲವು ವಾರಗಳಲ್ಲಿ ಅದು ಮುಗಿಯಿತು.

ಈಗ ಮತ್ತೆ ಕುಂದಾಪುರದ ಶಾಸ್ತ್ರಿ ಸರ್ಕಲಿನ ಬಳಿ ರಾತ್ರಿ ಬಸ್ಸು ಬಂದು ನಿಲ್ಲುತ್ತದೆ. ಹೊರಡುವ ಮುಂಚೆ ಅದರ ಡಿಕ್ಕಿಗೆ ಗೋಣಿಚೀಲಗಳು ಏರುತ್ತವೆ: ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ನಾಲ್ಕು ಪದರ ಕಾಗದ ಸುತ್ತಿದರೂ ವಾಸನೆ ಬಿಟ್ಟುಕೊಡುವ ಒಣಮೀನು. ಮೇಲೆ ಹೆಸರು, ಫೋನ್ ನಂಬರು. ಬೆಳಿಗ್ಗೆ ಬೆಂಗಳೂರಿನಲ್ಲಿ ಯಾರೋ ಬಂದು ಇಳಿಸಿಕೊಳ್ಳುತ್ತಾರೆ. ಸಾನ್ ಸಾಲ್ವಡಾರಿನ ವಿಮಾನ ನಿಲ್ದಾಣದಲ್ಲೂ ಇಂಥ ಗಂಟು ಹೊತ್ತವರು ಸಾಲಿನಲ್ಲಿ ಸಿಗುತ್ತಾರೆ. ಅವರನ್ನು ಅಲ್ಲಿ ‘ವಿಯಹೆರೊ’ ಎನ್ನುತ್ತಾರೆ, ಪಯಣಿಗನೆಂದು ಅರ್ಥ. ವೀಸಾ ಇರುವ ಕೆಲವರು ಅದನ್ನೇ ಕಸುಬು ಮಾಡಿಕೊಂಡಿದ್ದಾರೆ. ಊರಿನ ಗಿಣ್ಣು, ಮಂಜುಗಡ್ಡೆಯಾಗಿಸಿದ ಪುಪೂಸ, ಅಜ್ಜಿಯ ಔಷಧಿ, ಮಗಳು ಬರೆದ ಕಾಗದ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಜೋಡಿಸಿ ಲಾಸ್ ಏಂಜಲೀಸಿಗೆ ಹಾರುತ್ತಾರೆ. ಬರುವಾಗ ಬಟ್ಟೆ, ಫೋನು, ಡಾಲರು ತರುತ್ತಾರೆ. ಪೆಟ್ಟಿಗೆ ಹೋಗಿ ಬರುತ್ತದೆ. ಅದನ್ನು ಅಲ್ಲಿ ಬಿಚ್ಚುವವನು ಮಾತ್ರ ಬರಲಾರ.